ಪಿಕಪ್‌ಗೆ ಭಾರ ಹೆಚ್ಚಾದಾಗ: ಪಟ್ಟಿ ಸೇರಿಸುವುದೋ, ಹೆಲ್ಪರ್ ಹಾಕಿಸುವುದೋ, ಸೆಟ್ಟನ್ನೇ ಬದಲಿಸುವುದೋ?

"ಹಿಂದೆ ಕೂತುಬಿಟ್ಟಿದೆ, ಹಂಪ್ಸ್ ಹತ್ತಿದರೆ ಢಬ್ ಅನ್ನುತ್ತೆ" ಎಂದು ಗಾಡಿ ತಂದವರಿಗೆ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಇನ್ನೊಂದು ಪಟ್ಟಿ ಏರಿಸೋಣ ಬಿಡಿ." ಕೆಲವು ಗಾಡಿಗಳಿಗೆ ಅದೇ ಸರಿಯಾದ ಮದ್ದು. ಇನ್ನು ಕೆಲವಕ್ಕೆ ಪಟ್ಟಿಯ ತುದಿಯ ತೂತಿನೊಳಗಿನ ಹಳೆಯ ಬುಷ್ ಬದಲಿಸಿದರೆ ಸಾಕಿತ್ತು. ಮತ್ತೆ ಕೆಲವಕ್ಕೆ ಪಟ್ಟಿ ಏರಿಸಿದ ಮೇಲೆ ಭಾರ ನಿಂತಿತು, ಆದರೆ ಖಾಲಿ ಬರುವಾಗ ಗಾಡಿ ಕುಪ್ಪಳಿಸಿ ಚಾಸಿಯ ಬ್ರಾಕೆಟ್ಟೇ ಬಿರುಕು ಬಿಟ್ಟಿತು. ಎಷ್ಟು ಭಾರ ಎನ್ನುವುದಕ್ಕಿಂತ ಆ ಭಾರ ದಿನದಲ್ಲಿ ಎಷ್ಟು ಹೊತ್ತು ಗಾಡಿಯ ಮೇಲಿರುತ್ತದೆ ಎನ್ನುವುದರ ಮೇಲೆ ಆಯ್ಕೆ ನಿಲ್ಲುತ್ತದೆ. ಈ ಬರಹ ಬೊಲೆರೊ ಪಿಕಪ್, ಟಾಟಾ ಯೋಧ, ಇಸುಜು ಡಿ-ಮ್ಯಾಕ್ಸ್‌ನಂತಹ, ಹಿಂದೆ ಕಮಾನ್ ಪಟ್ಟಿ ಇರುವ ಗಾಡಿಗಳನ್ನು ಕುರಿತದ್ದು.

ಒಂದು ಮಾತು ಮೊದಲೇ ಹೇಳಬೇಕು. ಪಟ್ಟಿ ಗಟ್ಟಿ ಮಾಡಿಸಿದರೆ ಗಾಡಿ ಕೂರುವುದು ಕಡಿಮೆಯಾಗುತ್ತದೆ, ಅಷ್ಟೇ. ಆಕ್ಸಲ್, ಬೇರಿಂಗ್, ಟೈರು, ಬ್ರೇಕು, ಚಾಸಿ ಯಾವುದೂ ಅದರಿಂದ ಬಲಗೊಳ್ಳುವುದಿಲ್ಲ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕವೂ ಏರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಸ್ಪ್ರಿಂಗ್, ಶಾಕ್ ಬದಲಿಸಿ, ಪ್ರಮಾಣಪತ್ರ ಪಡೆದು ತೂಕದ ಮಿತಿಯನ್ನೇ ಏರಿಸಿಕೊಳ್ಳುವ ಪದ್ಧತಿ ಇದೆ. ಯೂಟ್ಯೂಬಿನಲ್ಲಿ ಅದನ್ನು ನೋಡಿ ಇಲ್ಲಿಯೂ ಆಗುತ್ತದೆ ಎಂದುಕೊಳ್ಳಬೇಡಿ. ಪಟ್ಟಿಯ ಬಿಲ್ ತೋರಿಸಿದರೆ ಆರ್‌ಟಿಒದಲ್ಲಿ ಯಾರೂ ತೂಕ ಹೆಚ್ಚಿಸಿಕೊಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಇನ್ನೂ 2,000, ಜೊತೆಗೆ ಮಾಲು ಇಳಿಸಿದ ಖರ್ಚು. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಡಿಸುವುದನ್ನು 52ನೇ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಸವೆದ ಪಟ್ಟಿ ತೆಗೆದು ಕಂಪನಿಯ ಪಟ್ಟಿ ಹಾಕಿದರೆ ಅದು ರಿಪೇರಿ. ಚಾಸಿಗೆ ಹೊಸ ಬ್ರಾಕೆಟ್ ವೆಲ್ಡ್ ಮಾಡಿದರೆ ಮಾತು ಬೇರೆ. ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟ್) ಹೋದಾಗಲೂ ಅಪಘಾತದ ನಂತರ ವಿಮೆ ಕೇಳಿದಾಗಲೂ ಅದು ತಕರಾರಿಗೆ ಬರುತ್ತದೆ.

ದಿನಾ ಅರ್ಧ ಟನ್ ಹೆಚ್ಚು ಹೇರುವ ಬಾಡಿಗೆಯಾದರೆ ಸರಳ ಲೆಕ್ಕ ಹಾಕಿ. 2022ರಲ್ಲಿ ಬಂದ ಯೋಧ 2.0ಕ್ಕೆ ಕಂಪನಿಯೇ ಕೊಟ್ಟ ಹೊರೆ 2,000 ಕೆ.ಜಿ. 2023ರ ಬೊಲೆರೊ ಮ್ಯಾಕ್ಸ್ ಪಿಕಪ್ ಸಾಲಿನಲ್ಲಿ 1.3 ಟನ್ನಿನಿಂದ 2 ಟನ್‌ವರೆಗಿನ ಗಾಡಿಗಳಿವೆ. ಚಿಕ್ಕ ಗಾಡಿಗೆ ಪಟ್ಟಿ, ಟೈರು, ಬೇರಿಂಗು ಎಂದು ಸುರಿಯುತ್ತಾ ಹೋಗುವ ಬದಲು ಅದನ್ನು ಮಾರಿ ಮೇಲಿನ ವೇರಿಯೆಂಟ್ ತೆಗೆದುಕೊಳ್ಳುವುದೇ ಲಾಭ. ಮುಂದಿನ ಮಾತೆಲ್ಲ ಆರ್‌ಸಿ ಮಿತಿಯೊಳಗೇ ದುಡಿದೂ ಹಿಂಭಾಗ ಕೂರುತ್ತಿರುವ ಗಾಡಿಗಳಿಗೆ.

ಮೊದಲು ವೇ ಬ್ರಿಡ್ಜ್‌ಗೆ ಹೋಗಿ

ಸಾಮಾನ್ಯವಾಗಿ ಹೇರುವ ಲೋಡಿನ ಜೊತೆಗೇ ಗಾಡಿಯನ್ನು ತೂಗಿಸಿ, ಆದರೆ ಮೂರು ಸಲ: ಪೂರ್ತಿ ಗಾಡಿ, ಮುಂದಿನ ಚಕ್ರ ಮಾತ್ರ, ಹಿಂದಿನ ಚಕ್ರ ಮಾತ್ರ. ಖಾಲಿ ಗಾಡಿಯನ್ನೂ ಹಾಗೆಯೇ. ಹಿಂದಿನ ಆಕ್ಸಲ್ ಮೇಲೆ ನಿಜವಾಗಿ ಬೀಳುವ ಭಾರ ಆಗ ಗೊತ್ತಾಗುತ್ತದೆ. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. 15 ಕೆ.ಜಿ. ಟೊಮೆಟೊ ಬಾಕ್ಸ್ ನೂರು ಎಂದರೆ ಒಂದೂವರೆ ಟನ್. ಅದು ಬಾಡಿ ತುಂಬ ಕಾಣುತ್ತದೆ. ಎಂ-ಸ್ಯಾಂಡ್ ಹಾಗಲ್ಲ. ಅದು ಸಿ.ಎಫ್.ಟಿ.ಗೆ, ಅಂದರೆ ಒಂದು ಘನ ಅಡಿಗೆ, 45ರಿಂದ 50 ಕೆ.ಜಿ. ತೂಗುತ್ತದೆ. ಎಂಟಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿಯಲ್ಲಿ ಒಂದೇ ಅಡಿ ಎತ್ತರ ಹರಡಿದರೂ 44 ಸಿ.ಎಫ್.ಟಿ., ಅಂದರೆ ಎರಡು ಟನ್. "ಅರ್ಧ ಬಾಡಿ ಅಷ್ಟೇ ಹಾಕಿದ್ದು" ಎನ್ನುವ ಗಾಡಿಗಳ ಪಟ್ಟಿ ಕಟ್ ಆಗುವುದು ಹೀಗೆ.

ಭಾರ ಎಲ್ಲಿ ಕೂತಿದೆ ಎನ್ನುವುದೂ ಅಷ್ಟೇ ಮುಖ್ಯ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ಅಂತರ 3,000 ಮಿ.ಮೀ. ಎಂದುಕೊಳ್ಳಿ. ಲೋಡಿನ ನಡುಮಧ್ಯ ಮುಂದಿನ ಆಕ್ಸಲ್‌ನಿಂದ 2,700 ಮಿ.ಮೀ. ದೂರದಲ್ಲಿದ್ದರೆ 1,500 ಕೆ.ಜಿ.ಯಲ್ಲಿ 1,350 ಹಿಂದಕ್ಕೆ, 150 ಮುಂದಕ್ಕೆ. ಅದೇ ಲೋಡನ್ನು ಬಾಡಿಯ ಹಿಂದಿನ ಡೋರಿನ ಕಡೆ ತಳ್ಳಿ ಮಧ್ಯವನ್ನು 3,300ಕ್ಕೆ ಒಯ್ದರೆ ಹಿಂದಿನ ಆಕ್ಸಲ್ ಮೇಲೆ 1,650 ಬೀಳುತ್ತದೆ, ಮುಂದಿನ ಆಕ್ಸಲ್ 150 ಕೆ.ಜಿ. ಹಗುರಾಗುತ್ತದೆ. ಸ್ಟೇರಿಂಗ್ ತೇಲಿದಂತಾಗುವುದು ಆಗಲೇ. ಗ್ರಾನೈಟ್ ಸ್ಲ್ಯಾಬ್, ಕಬ್ಬಿಣದ ಸರಳು, ನೀರಿನ ಟ್ಯಾಂಕ್ ಒಯ್ಯುವವರು ಲೋಡನ್ನು ಒಂದಡಿ ಕ್ಯಾಬಿನ್ ಕಡೆ ಸರಿಸಿ ನೋಡಿ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ, ಅದೂ ಬಿಟ್ಟಿಯಾಗಿ.

ಲೋಡ್ ಇಲ್ಲದಾಗ ಮತ್ತು ಇದ್ದಾಗ ಹಿಂದಿನ ಹಬ್‌ನ ನಡುವಿನಿಂದ ಬಾಡಿಯ ಒಂದು ಗುರುತಿನವರೆಗೆ ಎರಡೂ ಬದಿ ಅಳೆದು ಬರೆದಿಡಿ. ಎಡಕ್ಕೂ ಬಲಕ್ಕೂ ಖಾಲಿ ಗಾಡಿಯಲ್ಲೇ 15 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಬದಿಯ ಪಟ್ಟಿ ಸೋತಿದೆ ಅಥವಾ ಒಳಗೆ ಕಟ್ ಆಗಿದೆ ಎಂದು ಅನುಮಾನಿಸಿ.

ಹಳೆಯ ಸೆಟ್ಟಿಗೆ ಜೀವ ಇದೆಯೇ?

ಹೊಸದು ಏರಿಸುವ ಮುಂಚೆ ಇರುವುದನ್ನು ಬಿಚ್ಚಿ ನೋಡಬೇಕು. ಐ (ಪಟ್ಟಿಯ ತುದಿಯ ಸುರುಳಿ ಕಣ್ಣು) ಬುಷ್, ಶ್ಯಾಕಲ್ (ಪಟ್ಟಿಯ ಹಿಂತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಬುಷ್ ಸವೆದಿದ್ದರೆ ಅರ್ಧ ಸದ್ದು ಅಲ್ಲಿಯದೇ. ಪಟ್ಟಿಗಳ ತುದಿ ಮೇಲಿನ ಪಟ್ಟಿಯನ್ನು ಕೊರೆದು ಗುಳಿ ಮಾಡಿದ್ದರೆ, ತುಕ್ಕಿನಿಂದ ಚುಕ್ಕೆ ಚುಕ್ಕೆ ತಿಂದಿದ್ದರೆ (ಕರಾವಳಿಯಲ್ಲಿ ಮೀನಿನ ಲೋಡ್ ಹೊಡೆಯುವ ಗಾಡಿಗಳಲ್ಲಿ ಇದು ಮಾಮೂಲು) ಆ ಪಟ್ಟಿಗೆ ಹೊಸ ಜೊತೆ ಕೊಟ್ಟು ಉಪಯೋಗವಿಲ್ಲ.

ಕೂತ ಪಟ್ಟಿಯನ್ನು ಮತ್ತೆ ಬಗ್ಗಿಸಿಕೊಡುವ ಕೆಲಸ ಎರಡು ಥರ. ಕುಲುಮೆಯಲ್ಲಿ 850ರಿಂದ 900 ಡಿಗ್ರಿಗೆ ಕಾಯಿಸಿ, ಬಗ್ಗು ಕೊಟ್ಟು, ಎಣ್ಣೆಯಲ್ಲಿ ಅದ್ದಿ, ಆಮೇಲೆ 400ರಿಂದ 500 ಡಿಗ್ರಿಯಲ್ಲಿ ಹದ ಮಾಡಿದರೆ ಪಟ್ಟಿ ಮತ್ತೆ ಕೆಲಸಕ್ಕೆ ಬರುತ್ತದೆ. ಗ್ಯಾಸ್ ಟಾರ್ಚಿನಲ್ಲಿ ಅಲ್ಲಲ್ಲಿ ಕೆಂಪಗೆ ಮಾಡಿ ಸುತ್ತಿಗೆಯಿಂದ ಬಡಿದು ನೀರು ಚೆಲ್ಲಿದರೆ ಒಂದು ಕಡೆ ಮೆತ್ತಗೆ, ಪಕ್ಕದಲ್ಲೇ ಗಾಜಿನಂತೆ ಪೆಡಸು. ಮೆತ್ತಗಾದಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ಕೂರುತ್ತದೆ, ಪೆಡಸಾದಲ್ಲಿ ಕಟ್ ಆಗುತ್ತದೆ. ಕಾಯಿಸದೆ ಬರೀ ಬಡಿದು ಬಗ್ಗಿಸಿದ್ದೂ ಬಹಳ ದಿನ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಕುಲುಮೆ ಮತ್ತು ಎಣ್ಣೆ ತೊಟ್ಟಿ ಇವೆಯೇ ಎಂದು ಕಣ್ಣಾರೆ ನೋಡಿ ಕೊಡಿ. ಇಲ್ಲದಿದ್ದರೆ ಆ ದುಡ್ಡನ್ನು ಹೊಸ ಸೆಟ್ಟಿಗೆ ಉಳಿಸಿ.

ಒಂದು ಪಟ್ಟಿ ಹೆಚ್ಚು ಮಾಡುವುದು

ಅಗ್ಗದ ದಾರಿ. ಊರೂರಲ್ಲೂ ಮಾಡುತ್ತಾರೆ, ಅರ್ಧ ದಿನದ ಕೆಲಸ. ಆದರೆ ಇದರಿಂದ ಎಷ್ಟು ಸಿಗುತ್ತದೆ ಎಂದು ಲೆಕ್ಕ ನೋಡಿ. ಒಂದೊಂದು ಬದಿಗೆ 675 ಕೆ.ಜಿ. ಬೀಳುತ್ತಿದೆ, ಸೆಟ್ಟು ಮಿಲಿಮೀಟರಿಗೆ 9 ಕೆ.ಜಿ. ತಡೆಯುತ್ತದೆ ಎಂದರೆ ಗಾಡಿ 75 ಮಿ.ಮೀ. ಕೂರುತ್ತದೆ. ಆರು ಪಟ್ಟಿಯ ಸೆಟ್ಟಿಗೆ ಅಷ್ಟೇ ದಪ್ಪದ ಏಳನೆಯದು ಸೇರಿದರೆ ಬಿಗಿ ಹೆಚ್ಚೆಂದರೆ 17 ಶೇಕಡ ಏರುತ್ತದೆ. ಗಾಡಿ ಕೂರುವುದು 64 ಮಿ.ಮೀ. ಲಾಭ ಒಂದು ಸೆಂಟಿಮೀಟರ್ ಚಿಲ್ಲರೆ. ಸೇರಿಸಿದ್ದು ಗಿಡ್ಡ ಪಟ್ಟಿಯಾದರೆ ಅದಕ್ಕಿಂತಲೂ ಕಡಿಮೆ. ಹೊಸ ಪಟ್ಟಿ ಹಾಕಿದ ದಿನ ಗಾಡಿ ಎರಡಿಂಚು ಎದ್ದು ನಿಂತರೆ ಅದು ಬಿಗಿಯಿಂದಲ್ಲ, ಪಟ್ಟಿಗೆ ಕೊಟ್ಟ ಹೆಚ್ಚಿನ ಬಗ್ಗಿನಿಂದ. ಕೆಲವು ಲೋಡ್ ಹೊಡೆದ ಮೇಲೆ ಆ ಎತ್ತರದ ಒಂದಷ್ಟು ಭಾಗ ಇಳಿದೇ ಇಳಿಯುತ್ತದೆ.

ಹಾಗಾದರೆ ದಪ್ಪ ಪಟ್ಟಿ ಹಾಕಿದರೆ? ಪಟ್ಟಿಯ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 8 ಮಿ.ಮೀ. ಬದಲು 9 ಮಿ.ಮೀ. ಎಂದರೆ ಆ ಒಂದು ಪಟ್ಟಿ 42 ಶೇಕಡ ಬಿಗಿ. ಆರರಲ್ಲಿ ಒಂದನ್ನು ಹೀಗೆ ಬದಲಿಸಿದರೆ ಇಡೀ ಸೆಟ್ಟಿಗೆ ಸಿಗುವುದು 7 ಶೇಕಡ ಮಾತ್ರ. ಆದರೆ ಎಲ್ಲ ಪಟ್ಟಿಯೂ ಒಟ್ಟಿಗೇ ಅಷ್ಟೇ ಬಾಗಬೇಕಲ್ಲ. ಒಂದೇ ಬಾಗಿನಲ್ಲಿ ದಪ್ಪ ಪಟ್ಟಿಯ ಮೇಲ್ಮೈಗೆ ಹೆಚ್ಚು ಎಳೆತ ಬೀಳುತ್ತದೆ, ಹಾಗಾಗಿ ಮೊದಲು ಕಟ್ ಆಗುವುದೂ ಅದೇ. ಲಾರಿಯ ಹಳೆ ಪಟ್ಟಿ ಕತ್ತರಿಸಿ ಪಿಕಪ್ ಸೆಟ್ಟಿನ ನಡುವೆ ಕೂರಿಸುವವರಿದ್ದಾರೆ. ಅದು ಬಾಳುವುದಿಲ್ಲ, ಪಕ್ಕದ ಪಟ್ಟಿಗಳನ್ನೂ ಹಾಳು ಮಾಡುತ್ತದೆ. ಪಕ್ಕದ ಪಟ್ಟಿಯಷ್ಟೇ ದಪ್ಪ, ಅದೇ ಅಗಲ ಇರಲಿ. ಬಗ್ಗು ಮಾತ್ರ ಸ್ವಲ್ಪ ಹೆಚ್ಚಿರಲಿ.

ಉದ್ದನೆಯ ಪಟ್ಟಿಯನ್ನು ಮೇನ್ ಪಟ್ಟಿಯ (ಎಲ್ಲಕ್ಕಿಂತ ಮೇಲಿನ, ಐ ಇರುವ ಪಟ್ಟಿ) ಕೆಳಗೆ ಎರಡನೆಯ ಅಥವಾ ಮೂರನೆಯ ಜಾಗಕ್ಕೆ, ಉದ್ದದ ಮೆಟ್ಟಿಲು ತಪ್ಪದಂತೆ ಕೂರಿಸಬೇಕು. ಗಿಡ್ಡ ಪಟ್ಟಿಯನ್ನು ತಳಕ್ಕೆ ಸೇರಿಸಿ ಮೇಲೆ ಹಳೆಯ ಮೆತ್ತನೆ ಪಟ್ಟಿಗಳನ್ನೇ ಬಿಟ್ಟರೆ ಗಿಡ್ಡದರ ತುದಿ ತಗಲುವ ಜಾಗದಲ್ಲಿ ಮೇಲಿನದು ಮುರಿಯುತ್ತದೆ. ಪಟ್ಟಿಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟ್, ಸೆಟ್ಟನ್ನು ಆಕ್ಸಲ್ಲಿಗೆ ಕಟ್ಟುವ ಯು ಬೋಲ್ಟ್ ಎರಡೂ ಉದ್ದವಾದವು ಬೇಕು. ಹಳೆಯ ಯು ಬೋಲ್ಟಿನಲ್ಲೇ ನಟ್ಟು ಅರ್ಧ ಹಿಡಿಸಿ ಕಳಿಸಿದರೆ ಗಾಡಿ ಹೊರಗೆ ತರಬೇಡಿ.

ಪ್ಯಾರಾಬೊಲಿಕ್ ಪಟ್ಟಿ ಇದ್ದರೆ ಈ ದಾರಿಯೇ ಇಲ್ಲ. ನಡುವೆ ದಪ್ಪ, ತುದಿಗೆ ತೆಳು, ಎರಡು-ಮೂರೇ ಪಟ್ಟಿ, ನಡುವೆ ಸಂದು ಕಾಣುತ್ತಿದ್ದರೆ ಅದು ಪ್ಯಾರಾಬೊಲಿಕ್. ಅದರ ಮಧ್ಯೆ ಮಾಮೂಲಿ ಪಟ್ಟಿ ತುರುಕಿದರೆ ಉಜ್ಜಿ ಉಜ್ಜಿ ಎರಡೂ ಹೋಗುತ್ತವೆ.

ಹೆಲ್ಪರ್: ಹೋಗುವಾಗ ಲೋಡ್, ಬರುವಾಗ ಖಾಲಿ ಎನ್ನುವವರಿಗೆ

ಮೇನ್ ಸೆಟ್ಟಿನ ಮೇಲೆ ಕೂತು, ಖಾಲಿ ಇದ್ದಾಗ ಚಾಸಿಯ ಬ್ರಾಕೆಟ್ಟಿಗೆ ತಗಲದೆ, ಗಾಡಿ ಒಂದು ಮಟ್ಟಕ್ಕೆ ಕೂತ ಮೇಲೆ ಮಾತ್ರ ಭಾರ ಹಿಡಿಯುವುದು ಹೆಲ್ಪರ್. ಹಿಂದಿನದೇ ಲೆಕ್ಕ ನೋಡಿ: ಮೇನ್ ಸೆಟ್ಟು ಮಿಲಿಮೀಟರಿಗೆ 9 ಕೆ.ಜಿ., 50 ಮಿ.ಮೀ. ಕೂತ ಮೇಲೆ ಹೆಲ್ಪರ್ ಇನ್ನೂ 9 ಸೇರಿಸುತ್ತದೆ. 675 ಕೆ.ಜಿ.ಯಲ್ಲಿ ಮೊದಲ 450ಕ್ಕೆ 50 ಮಿ.ಮೀ., ಉಳಿದ 225ಕ್ಕೆ ಹನ್ನೆರಡೂವರೆ. ಒಟ್ಟು ಸುಮಾರು 62. ಪಟ್ಟಿ ಏರಿಸಿದಾಗಿನ 64ಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಖಾಲಿ ಬರುವಾಗ ಗಾಡಿ ಮೊದಲಿನಷ್ಟೇ ಮೆತ್ತಗೆ. ಕ್ಯಾಬಿನ್, ಲೈಟು, ಬಾಡಿ ಬೋಲ್ಟು, ಡ್ರೈವರಿನ ಸೊಂಟ ಎಲ್ಲವೂ ಉಳಿಯುತ್ತವೆ. ಪೂರ್ತಿ ತುಂಬಿದ ಮೇಲೆ ಹಳ್ಳಕ್ಕೆ ಬಿದ್ದಾಗ ಮಿಲಿಮೀಟರಿಗೆ 18 ಕೆ.ಜಿ. ತಡೆ ಸಿಗುವುದರಿಂದ, ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರಾದ ಬಂಪ್ ಸ್ಟಾಪ್‌ಗೆ ಹೊಡೆಯುವುದೂ ಕಡಿಮೆ.

ತಗಾದೆ ಬರುವುದು ಸಂದಿನಲ್ಲಿ. ಖಾಲಿ ಗಾಡಿಗೇ ಹೆಲ್ಪರ್ ಬ್ರಾಕೆಟ್ಟಿಗೆ ತಾಗುತ್ತಿದ್ದರೆ ಅದು ಹೆಲ್ಪರ್ ಅಲ್ಲ, ಇನ್ನೊಂದು ಪಟ್ಟಿ ಅಷ್ಟೇ. ಸಂದು ತೀರಾ ಹೆಚ್ಚಾದರೆ ಅದು ಕೆಲಸಕ್ಕೆ ಬರುವ ಮುಂಚೆಯೇ ಆಕ್ಸಲ್ ಬಂಪ್ ಸ್ಟಾಪ್ ಮುಟ್ಟುತ್ತದೆ. ಮಾಮೂಲಿ ಲೋಡಿನ ಅರ್ಧದಿಂದ ಮುಕ್ಕಾಲು ಹೇರಿದಾಗ ತಾಗಲು ಶುರುವಾದರೆ ಸರಿ. ನಿಮ್ಮ ಗಾಡಿಯ ಮೇಲಿನ ವೇರಿಯೆಂಟಿಗೆ ಕಂಪನಿಯೇ ಹೆಲ್ಪರ್ ಕೊಟ್ಟಿದ್ದರೆ, ಚಾಸಿಯಲ್ಲಿ ಬ್ರಾಕೆಟ್ಟಿನ ತೂತು ಮೊದಲೇ ಇರಬಹುದು, ನೋಡಿ. ಇದ್ದರೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಇಲ್ಲದಿದ್ದರೆ ಚಾಸಿಯ ಮೇಲಂಚು-ಕೆಳಅಂಚಿನಲ್ಲಿ ತೂತು ಕೊರೆಯಲು, ವೆಲ್ಡ್ ಮಾಡಲು ಬಿಡಬೇಡಿ. ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಪೂರಾ ಸೆಟ್ಟು ಬದಲಿಸುವುದು

ಗಾಡಿಯ ಮೇಲೆ ಸದಾ ಭಾರ ಕೂತಿರುತ್ತದೆ ಎಂದಾದರೆ ಇದೇ ದಾರಿ. ನೀರಿನ ಟ್ಯಾಂಕ್ ಕಾಯಂ ಕೂರಿಸಿದ ಗಾಡಿ, ಜನರೇಟರ್, ಕಂಪ್ರೆಸರ್ ಹೊತ್ತ ಸರ್ವಿಸ್ ಗಾಡಿ, ಫುಡ್ ಟ್ರಕ್, ಗ್ಯಾಸ್ ಸಿಲಿಂಡರ್ ಹಂಚುವ ಗಾಡಿ ಈ ಲೆಕ್ಕಕ್ಕೆ ಬರುತ್ತವೆ. ಹಳೆಯದರ ಜೊತೆ ಹೊಸದು ಬೆರೆಯದೆ ಎಲ್ಲ ಪಟ್ಟಿಯೂ ಒಂದೇ ಹದದ್ದಾಗಿರುವುದು ಇದರ ದೊಡ್ಡ ಗುಣ. ಕಾರ್ಖಾನೆಯಿಂದ ಬಂದ ಪಟ್ಟಿಯ ಮೇಲ್ಮೈಗೆ ಉಕ್ಕಿನ ಸಣ್ಣ ಗುಂಡುಗಳನ್ನು ರಭಸವಾಗಿ ಹೊಡೆದಿರುತ್ತಾರೆ. ಬಿರುಕು ಹುಟ್ಟುವುದು ಅದರಿಂದ ತಡವಾಗುತ್ತದೆ. ಲೋಕಲ್ ಆಗಿ ಕತ್ತರಿಸಿ ಬಗ್ಗಿಸಿದ ಪಟ್ಟಿಗೆ ಈ ಸಂಸ್ಕಾರ ಇರುವುದಿಲ್ಲ. ದಪ್ಪ ಒಂದೇ ಇದ್ದರೂ ಬಾಳಿಕೆ ಬೇರೆಯಾಗಲು ಇದೊಂದು ಕಾರಣ.

ಅದೇ ಕಂಪನಿಯ ಹೆಚ್ಚು ತೂಕದ ವೇರಿಯೆಂಟಿನ ಸೆಟ್ಟು ಹೊಂದುತ್ತದೆಯೇ ಎಂದು ಪಾರ್ಟ್ಸ್ ಅಂಗಡಿಯಲ್ಲಿ ಕೇಳುವ ಮುಂಚೆ ಇಷ್ಟು ಅಳತೆ ಕೈಯಲ್ಲಿರಲಿ:

- ಪಟ್ಟಿಯ ಅಗಲ, ಒಂದೊಂದರ ದಪ್ಪ, ಒಟ್ಟು ಎಷ್ಟು ಪಟ್ಟಿ
- ಭಾರ ಹಾಕಿ ಪಟ್ಟಿ ನೇರವಾದಾಗ ಒಂದು ಐನ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ಉದ್ದ
- ಮುಂದಿನ ಐನಿಂದ ಸೆಂಟರ್ ಬೋಲ್ಟಿಗೆ ಎಷ್ಟು, ಹಿಂದಿನದರಿಂದ ಎಷ್ಟು (ಎರಡೂ ಸಮ ಇರಲೇಬೇಕೆಂದಿಲ್ಲ, ತಿರುಗಿಸಿ ಹಾಕಿದರೆ ಆಕ್ಸಲ್ ಜಾಗವೇ ತಪ್ಪುತ್ತದೆ)
- ಐನ ಒಳ ವ್ಯಾಸ, ಬುಷ್ಷಿನ ಉದ್ದ, ಸೆಂಟರ್ ಬೋಲ್ಟಿನ ತಲೆಯ ಅಳತೆ

ಒಂದೇ ಬದಿ ಬದಲಿಸುವುದು ಬೇಡ. ಎರಡೂ ಬದಿಗೆ ಒಂದೇ ತಯಾರಕರದು, ಒಂದೇ ಪಾರ್ಟ್ ನಂಬರಿನದು ಹಾಕಿ. ದೋಷ ಒಂದೇ: ಖಾಲಿ ಓಡಿಸಿದರೆ ಗಾಡಿ ಕುಣಿಯುತ್ತದೆ. ಚಾರ್ಮಾಡಿ, ಶಿರಾಡಿಯ ಒದ್ದೆ ತಿರುವಿನಲ್ಲಿ ಬಿಗಿ ಪಟ್ಟಿಯ ಖಾಲಿ ಪಿಕಪ್‌ನ ಹಿಂದಿನ ಚಕ್ರ ನೆಲ ಬಿಟ್ಟು ಬಿಟ್ಟು ಓಡುತ್ತದೆ, ಬ್ರೇಕ್ ಮುಟ್ಟಿದರೆ ಹಿಂಭಾಗ ಜಾರುತ್ತದೆ. ಅರ್ಧ ದಾರಿ ಖಾಲಿ ಓಡುವವರಿಗೆ ಈ ಆಯ್ಕೆ ಬೇಡ ಎನ್ನುವುದು ಇದಕ್ಕೇ.

ರಬ್ಬರ್ ಮತ್ತು ಏರ್ ಬ್ಯಾಗ್

ಬಂಪ್ ಸ್ಟಾಪ್‌ನ ಜಾಗಕ್ಕೆ ಹಾಕುವ ಟೊಳ್ಳು ರಬ್ಬರ್ ಸ್ಪ್ರಿಂಗ್ ಇದೆ. ವಿದೇಶದಲ್ಲಿ ಟಿಂಬ್ರೆನ್ ಎಂಬ ಹೆಸರಿನದು ಹೆಚ್ಚು ಬಳಕೆಯಲ್ಲಿದೆ. ಕೆಲಸ ಹೆಲ್ಪರಿನದೇ: ಖಾಲಿಯಲ್ಲಿ ಒಂದೆರಡು ಬೆರಳಿನ ಸಂದು, ಲೋಡ್ ಬಿದ್ದಾಗ ಒತ್ತಿಕೊಂಡು ಬರಬರುತ್ತಾ ಬಿಗಿಯಾಗುತ್ತದೆ. ಸೋರುವಂಥದ್ದೇನೂ ಇಲ್ಲ, ಗ್ರೀಸೂ ಬೇಡ. ಆದರೆ ನಿಮ್ಮ ಗಾಡಿಯ ಬ್ರಾಕೆಟ್ಟಿಗೆ ಹೊಂದುವ ಅಳತೆ ಸಿಗಬೇಕು. ಬೇರೆ ಗಾಡಿಯದನ್ನು ಪ್ಲೇಟ್ ವೆಲ್ಡ್ ಮಾಡಿ ಹೊಂದಿಸಿದರೆ ಅದು ಓರೆಯಾಗಿ ಒತ್ತಿ ಹರಿಯುತ್ತದೆ.

ಏರ್ ಬ್ಯಾಗ್ ಪಟ್ಟಿಯ ಜೊತೆಗೆ ಚಾಸಿಗೂ ಆಕ್ಸಲ್‌ಗೂ ನಡುವೆ ಕೂರುತ್ತದೆ. ಲೋಡಿಗೆ ತಕ್ಕಂತೆ ಗಾಳಿ ಹಾಕಬಹುದು, ಖಾಲಿಯಾದಾಗ ಬಿಡಬಹುದು. ದಿನಕ್ಕೊಂದು ಥರದ ಲೋಡ್ ಬರುವವರಿಗೆ ಇಷ್ಟು ಹೊಂದಿಕೊಳ್ಳುವ ಸಾಧನ ಬೇರೆ ಇಲ್ಲ. ಹಾಗಿದ್ದೂ ನಮ್ಮ ಬಾಡಿಗೆ ಗಾಡಿಗಳಿಗೆ ಇದನ್ನು ಕೊನೆಯ ಆಯ್ಕೆ ಎಂದೇ ಹೇಳಬೇಕಾಗುತ್ತದೆ. ಬೆಲೆ ಎಲ್ಲಕ್ಕಿಂತ ಹೆಚ್ಚು. ಪೈಪು ಕಲ್ಲಿಗೆ ತಾಗಿ ಕಿತ್ತರೆ ದಾರಿಯಲ್ಲೇ ಗಾಡಿ ಒಂದು ಬದಿ ವಾಲುತ್ತದೆ. ಗಾಳಿ ಪೂರ್ತಿ ಬಿಟ್ಟು ಓಡಿಸಿದರೆ ಬ್ಯಾಗಿನ ಮಡಿಕೆ ಚಿವುಟಿಕೊಂಡು ಹರಿಯುತ್ತದೆ. ಖಾಲಿಯಲ್ಲೂ ತಯಾರಕರು ಹೇಳಿದ ಕನಿಷ್ಠ ಒತ್ತಡ, ಸಾಮಾನ್ಯವಾಗಿ 5 ಪಿಎಸ್‌ಐ ಆಸುಪಾಸು, ಇರಲೇಬೇಕು. ಸೈಲೆನ್ಸರ್ ಪೈಪಿನಿಂದ ಆರಿಂಚು ದೂರವಿರಬೇಕು, ಇಲ್ಲದಿದ್ದರೆ ನಡುವೆ ತಗಡಿನ ತಡೆ ಬೇಕು. ಎಡ-ಬಲ ಎರಡಕ್ಕೂ ಬೇರೆ ಬೇರೆ ವಾಲ್ವ್ ಇರಲಿ. ಒಂದೇ ಪೈಪಿನಲ್ಲಿ ಜೋಡಿಸಿದರೆ ತಿರುವಿನಲ್ಲಿ ಒತ್ತಿದ ಬದಿಯ ಗಾಳಿ ಇನ್ನೊಂದಕ್ಕೆ ಓಡಿ ಗಾಡಿ ಇನ್ನಷ್ಟು ವಾಲುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಚಾಸಿಗೆ. ಕಮಾನ್ ಪಟ್ಟಿ ಭಾರವನ್ನು ಚಾಸಿಯ ಎರಡು ಕಡೆ, ಮುಂದಿನ ಬ್ರಾಕೆಟ್ಟಿಗೂ ಹಿಂದಿನ ಶ್ಯಾಕಲ್‌ಗೂ, ಹಂಚುತ್ತದೆ. ಏರ್ ಬ್ಯಾಗ್ ಅದರಲ್ಲಿ ದೊಡ್ಡ ಪಾಲನ್ನು ಆಕ್ಸಲ್ ಮೇಲಿನ ಒಂದೇ ಜಾಗಕ್ಕೆ ತಂದು ಒತ್ತುತ್ತದೆ. ಡೋರಿನ ಕಡೆ ಹೆಚ್ಚು ಭಾರ ಹೇರಿ, ಗಾಳಿ ತುಂಬಿ ಗಾಡಿಯನ್ನು ಚಂದಕ್ಕೆ ನೆಟ್ಟಗೆ ನಿಲ್ಲಿಸಿ, ಹಳ್ಳಕೊಳ್ಳದಲ್ಲಿ ಓಡಿಸಿದರೆ ಕ್ಯಾಬಿನ್ನಿನ ಹಿಂದೆ ಚಾಸಿಯೇ ಬಾಗುತ್ತದೆ. ಹಾಗಾಗಿ ಲೋಡ್ ಹೇರಿದ ಮೇಲೆ ಖಾಲಿ ಗಾಡಿಯ ಎತ್ತರಕ್ಕೆ ಮತ್ತೆ ಏರಿಸಲು ಹೋಗಬೇಡಿ. ಕೂತದ್ದರಲ್ಲಿ ಅರ್ಧ ಎತ್ತಿದರೆ ಸಾಕು.

ಭಾರ ಹೊರದ ವಸ್ತುಗಳು

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಪಟ್ಟಿಯ ಕುಣಿತ ನಿಲ್ಲಿಸುವುದಷ್ಟೇ ಅದರ ಕೆಲಸ. "ಹೆವಿ ಡ್ಯೂಟಿ ಶಾಕ್ ಹಾಕಿದರೆ ಕೂರಲ್ಲ" ಎನ್ನುವ ಮಾತು ನಂಬಬೇಡಿ. ಆದರೆ ಪಟ್ಟಿ ಬಿಗಿ ಮಾಡಿದ ಮೇಲೆ ಹಳೆ ಶಾಕ್ ಅದನ್ನು ಹಿಡಿದು ನಿಲ್ಲಿಸಲಾರದು, ಆದ್ದರಿಂದ ಶಾಕ್ ಬದಲಾವಣೆಯೂ ಖರ್ಚಿನಲ್ಲಿ ಸೇರಲಿ. ಕೆಟ್ಟ ರಸ್ತೆಯಲ್ಲಿ ಓಡಿಸಿ ಬಂದು ನಾಲ್ಕೂ ಶಾಕ್ ಮುಟ್ಟಿ ನೋಡಿ, ಬೆಚ್ಚಗಾಗದೇ ಇರುವುದು ಸತ್ತಿದೆ.

ಆಕ್ಸಲ್‌ಗೂ ಪಟ್ಟಿಗೂ ನಡುವೆ ಇಡುವ ಲಿಫ್ಟ್ ಬ್ಲಾಕ್ ಎತ್ತರ ಕೊಡುತ್ತದೆ, ಬಲ ಕೊಡುವುದಿಲ್ಲ. ಎರಡು ಬ್ಲಾಕ್ ಒಂದರ ಮೇಲೊಂದು ಇಟ್ಟ ಗಾಡಿಯನ್ನು ಹತ್ತಲೇಬೇಡಿ. ಟಾಟಾ ಜೆನಾನ್‌ನಂತೆ ಮುಂದೆ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವ ಗಾಡಿಯಲ್ಲಿ ಬೋಲ್ಟ್ ಬಿಗಿದರೆ ಮುಂಭಾಗ ಏಳುತ್ತದೆ, ಆದರೆ ಬಾರಿನ ಬಿಗಿ ಹಾಗೇ ಇರುತ್ತದೆ. ಡಿ-ಮ್ಯಾಕ್ಸ್‌ನ ಮುಂದಿನ ಕಾಯಿಲ್ ನಡುವೆ ರಬ್ಬರ್ ತುಂಡು ತುರುಕುವುದಂತೂ ಬೇಡ: ಒಂದು ಸುತ್ತು ಕೆಲಸ ನಿಲ್ಲಿಸಿ ಉಳಿದ ಸುತ್ತುಗಳ ಮೇಲೆ ಎಲ್ಲ ಒತ್ತಡ ಬೀಳುತ್ತದೆ. ಮೇಲಿನ ಲೆಕ್ಕದಲ್ಲಿ ನೋಡಿದಿರಲ್ಲ, ಒಂದೂವರೆ ಟನ್ನಿನಲ್ಲಿ ಮುಂದಕ್ಕೆ ಬರುವುದು 150 ಕೆ.ಜಿ. ಮಾತ್ರ, ಮುಂಭಾಗಕ್ಕೆ ಕೈ ಹಾಕುವ ಅಗತ್ಯವೇ ಅಪರೂಪ.

ಟೈರಿನ ಪಕ್ಕದಲ್ಲಿ ಬರೆದ ಲೋಡ್ ಇಂಡೆಕ್ಸ್ ಓದಿ. 100 ಎಂದರೆ ಒಂದು ಟೈರಿಗೆ 800 ಕೆ.ಜಿ., 106 ಎಂದರೆ 950, 112 ಎಂದರೆ 1,120. ಎರಡು ಹಿಂದಿನ ಟೈರಿನ ಮೊತ್ತ ವೇ ಬ್ರಿಡ್ಜ್‌ನಲ್ಲಿ ಸಿಕ್ಕ ಹಿಂದಿನ ಆಕ್ಸಲ್ ತೂಕಕ್ಕಿಂತ ಕಡಿಮೆಯಿದ್ದರೆ ಪಟ್ಟಿಯ ಮಾತು ಆಮೇಲೆ.

ಕೂರಿಸುವಾಗ ತಪ್ಪುವ ಕಡೆಗಳು

ಯಾವ ಆಯ್ಕೆ ಮಾಡಿದರೂ ಯು ಬೋಲ್ಟ್ ಹೊಸದೇ ಇರಲಿ. ಒಮ್ಮೆ ಬಿಗಿದು ಎಳೆದ ಯು ಬೋಲ್ಟ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ನಾಲ್ಕು ನಟ್ಟನ್ನೂ ಕರ್ಣದಂತೆ ಎದುರುಬದುರು, ಸ್ವಲ್ಪ ಸ್ವಲ್ಪವೇ, ಕೊನೆಗೆ ಕಂಪನಿ ಹೇಳಿದ ಟಾರ್ಕಿಗೆ (ನಟ್ಟು ತಿರುಗಿಸುವ ಬಲದ ಅಳತೆ) ಬಿಗಿಯಬೇಕು. ಮೊದಲ ಲೋಡ್ ಹೊಡೆದ ಮೇಲೆ, ಅಂದರೆ 100 ಕಿ.ಮೀ. ಆಸುಪಾಸು ಮತ್ತೊಮ್ಮೆ, 500 ಕಿ.ಮೀ.ಗೆ ಇನ್ನೊಮ್ಮೆ ಟಾರ್ಕ್ ನೋಡಿ. ಹೊಸ ಪಟ್ಟಿಗಳ ಬಣ್ಣ ಸವೆದು ಕೂತುಕೊಳ್ಳುವಾಗ ಬಿಗಿ ತಾನೇ ಸಡಿಲವಾಗುತ್ತದೆ.

ರಬ್ಬರ್ ಬುಷ್ ಇರುವ ಗಾಡಿಯಲ್ಲಿ ಐ ಬೋಲ್ಟು, ಶ್ಯಾಕಲ್ ಬೋಲ್ಟನ್ನು ಗಾಡಿ ಜಾಕಿನ ಮೇಲಿದ್ದಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೆ ಬಂದು ಗಾಡಿಯ ತೂಕ ಪಟ್ಟಿಯ ಮೇಲೆ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಷ್ ತಿರುಚಿಕೊಂಡೇ ಕೆಲಸ ಮಾಡಿ ಬೇಗ ಹರಿಯುತ್ತದೆ. ಗ್ರೀಸ್ ನಿಪ್ಪಲ್ ಇರುವ ಪಿನ್ನಾದರೆ ಆ ಚಿಂತೆ ಇಲ್ಲ, ಗ್ರೀಸ್ ಹೊಡೆಯುವುದನ್ನು ಮರೆಯದಿದ್ದರೆ ಸಾಕು. ಪಟ್ಟಿಯ ಮೇಲೆ ಕೊಳೆ ಆಯಿಲ್ ಸುರಿಯುವ ಹಳೆಯ ಅಭ್ಯಾಸ ಬಿಡಿ: ಧೂಳು ಹಿಡಿದು ಉಜ್ಜುವ ಕಾಗದದಂತಾಗುತ್ತದೆ, ರಬ್ಬರ್ ಬುಷ್ ಉಬ್ಬುತ್ತದೆ. ಬೇಕಿದ್ದರೆ ಜೋಡಿಸುವಾಗ ಪಟ್ಟಿಗಳ ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿಸಿ.

ಇನ್ನು ಎಲ್‌ಎಸ್‌ಪಿವಿ. ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕಳಿಸಬೇಕು ಎಂದು ತೀರ್ಮಾನಿಸುವ ವಾಲ್ವ್ ಇದು. ಚಾಸಿಯಿಂದ ಹಿಂದಿನ ಆಕ್ಸಲ್‌ಗೆ ಇಳಿಯುವ ಒಂದು ಕಂಬಿ ಗಾಡಿ ಎಷ್ಟು ಕೂತಿದೆ ಎಂದು ಅದಕ್ಕೆ ಹೇಳುತ್ತದೆ. ಕೂತರೆ ಲೋಡ್ ಇದೆ, ಹಿಂದೆ ಹೆಚ್ಚು ಬ್ರೇಕ್. ಎದ್ದರೆ ಖಾಲಿ, ಹಿಂದೆ ಕಡಿಮೆ ಬ್ರೇಕ್. ಪಟ್ಟಿ ಬಿಗಿ ಮಾಡಿಸಿ ಗಾಡಿ ಕೂರದಂತಾದ ಮೇಲೆ ಒಂದೂವರೆ ಟನ್ ಹೇರಿದರೂ ವಾಲ್ವ್ ಪಾಲಿಗೆ ಅದು ಅರ್ಧ ಖಾಲಿ ಗಾಡಿ. ಹಿಂದಿನ ಬ್ರೇಕ್ ಅರೆಬರೆ, ಮುಂದಿನ ಪ್ಯಾಡ್ ಬೇಗ ಸವೆತ, ಘಾಟಿ ಇಳಿಯುವಾಗ ಮುಂದಿನ ಡಿಸ್ಕ್ ಸುಟ್ಟ ವಾಸನೆ. ಪಟ್ಟಿ ಅಂಗಡಿಯವರು ಇದಕ್ಕೆ ಕೈ ಹಾಕುವುದು ಅಪರೂಪ. ಹಾಕಿದರೂ ಕಂಬಿ ಬಿಚ್ಚಿ ತಂತಿಯಲ್ಲಿ ಮೇಲಕ್ಕೆ ಕಟ್ಟಿಬಿಡುತ್ತಾರೆ. ಆಗ ಖಾಲಿ ಗಾಡಿಗೂ ಪೂರ್ತಿ ಹಿಂಬ್ರೇಕ್. ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಪಟ್ಟಿ ಕೆಲಸ ಮುಗಿದ ದಿನವೇ ಕಂಪನಿ ವರ್ಕ್‌ಶಾಪಿಗೆ ಹೋಗಿ, ಲೋಡ್ ಹೇರಿ, ಒತ್ತಡದ ಮೀಟರ್ ಹಾಕಿಸಿ ವಾಲ್ವನ್ನು ಹೊಂದಿಸಿಕೊಳ್ಳಿ. ಹೆಲ್ಪರ್, ರಬ್ಬರ್, ಏರ್ ಬ್ಯಾಗ್‌ಗೂ ಇದು ಅನ್ವಯಿಸುತ್ತದೆ.

ಗಾಡಿ ಎತ್ತರವಾದರೆ ಬ್ರೇಕ್ ಹೋಸ್ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದುಕೊಂಡಿವೆಯೇ, ಆಕ್ಸಲ್ ಪೂರ್ತಿ ಇಳಿಬಿದ್ದಾಗ ಶಾಕ್ ತುದಿ ಮುಟ್ಟುತ್ತದೆಯೇ ನೋಡಿ. 50–60 ಕಿ.ಮೀ. ವೇಗದಲ್ಲಿ ನೆಲದಡಿ ಹೊಸ ಕಂಪನ ಶುರುವಾದರೆ ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿದೆ. ಆಕ್ಸಲ್ ಮತ್ತು ಪಟ್ಟಿ ನಡುವೆ ಓರೆ ಶಿಮ್ (ಬೆಣೆಯಂಥ ತೆಳು ತುಂಡು) ಬೇಕಾಗುತ್ತದೆ. ಹೆಡ್‌ಲೈಟಿನ ಎತ್ತರವನ್ನೂ ಸರಿಪಡಿಸಿ.

ಕಟ್ ಆದ ಪಟ್ಟಿ ಓದುವುದು

ಪಟ್ಟಿ ಮುರಿದರೆ ಬರೀ ಬದಲಿಸಿ ಬಿಡಬೇಡಿ, ಎಲ್ಲಿ ಮುರಿದಿದೆ ನೋಡಿ. ಸೆಂಟರ್ ಬೋಲ್ಟಿನ ತೂತಿನಲ್ಲಿ ಮುರಿದಿದ್ದರೆ ಯು ಬೋಲ್ಟ್ ಸಡಿಲವಿತ್ತು. ಯು ಬೋಲ್ಟಿನ ಅಂಚಿಗೆ ಮುರಿದಿದ್ದರೆ ಭಾರ ಹೆಚ್ಚು. ಐ ಹತ್ತಿರವಾದರೆ ಬುಷ್ ಸತ್ತು ಬಹಳ ದಿನವಾಗಿದೆ. ಮೇನ್ ಪಟ್ಟಿ ಒಂದೇ ನಡುದಾರಿಯಲ್ಲಿ ಮುರಿದು ಕೆಳಗಿನವು ಸರಿಯಿದ್ದರೆ ಗಾಡಿ ಮೇಲಕ್ಕೆ ಹಾರುವಾಗ ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್ ಬಿಟ್ಟಿದೆ ಅಥವಾ ಶಾಕ್ ಕೆಲಸ ಮಾಡುತ್ತಿಲ್ಲ. ಮುರಿದ ಜಾಗದಲ್ಲಿ ವೆಲ್ಡಿಂಗಿನ ಕಿಡಿ ತಾಗಿದ ಚುಕ್ಕೆ ಕಂಡರೆ ಕಾರಣ ಅದೇ: ಬಾಡಿ ವೆಲ್ಡ್ ಮಾಡುವಾಗ ಅರ್ಥಿಂಗ್ ಕ್ಲಾಂಪನ್ನು ಪಟ್ಟಿಗೆ ಹಾಕಿದ್ದಾರೆ. ಹದ ಮಾಡಿದ ಉಕ್ಕಿಗೆ ಅಷ್ಟು ಕಾವು ಸಾಕು ಬಿರುಕು ಹುಟ್ಟಲು. ಮುರಿದ ಪಟ್ಟಿಗೆ ವೆಲ್ಡ್ ಹಾಕಿಸಿ ಓಡಿಸುವುದೂ ಬೇಡ.

ಗಾಡಿ ನೇರ ರಸ್ತೆಯಲ್ಲೂ ಓರೆಯಾಗಿ ಓಡುತ್ತಿದೆ ಎಂದು ಹಿಂದಿನವರು ಹೇಳಿದರೆ ಸೆಂಟರ್ ಬೋಲ್ಟ್ ಕಟ್ ಆಗಿ ಆಕ್ಸಲ್ ಸರಿದಿರುತ್ತದೆ. ಮುಂದಿನ ಐ ಬೋಲ್ಟಿನಿಂದ ಹಿಂದಿನ ಹಬ್ಬಿನವರೆಗೆ ಎರಡೂ ಬದಿ ಟೇಪು ಹಿಡಿಯಿರಿ, ಐದಾರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಲೋಡ್ ಅಲ್ಲಿಯೇ ಇಳಿಸಿ, ಯು ಬೋಲ್ಟ್ ಬಿಚ್ಚಿಸಿ.